ದಂಪತಿಯಾಗಿ ಟಾಂಜಾನಿಯಾದ ಸಭಾಸೇವೆಗೆ ಹೊರಟಿದ್ದೇವೆ: ಅಲ್ಲಿನ ದಿನನಿತ್ಯದ ಬದುಕು ಹೇಗಿರುತ್ತದೆ?

ಪ್ರಶ್ನೆ: ಗುರುಪುರ ಹೊಳೆ

ಎಲ್ಲರಿಗೂ ವಂದನೆಗಳು. ನಾನು ಮಂಗಳೂರಿನವಳು, ವೃತ್ತಿಯಿಂದ ನರ್ಸ್. ನನ್ನ ಪತಿ ಕ್ರೈಸ್ತ ಸಭೆಯ ಪಾಲಕರು (ಪಾಸ್ಟರ್). ಮದುವೆಯಾಗಿ ಮೂರು ವರ್ಷಗಳಾಗಿವೆ, ಒಂದೂವರೆ ವರ್ಷದ ಮಗಳಿದ್ದಾಳೆ. ಟಾಂಜಾನಿಯಾದ ನೈಋತ್ಯ ಭಾಗದಲ್ಲಿರುವ ಎಂಬೇಯ ಊರಿನಲ್ಲಿ ಸುವಾರ್ತಿಕರಿಗೆ (ಕ್ರಿಸ್ತನ ಸುವಾರ್ತೆ ಸಾರುವವರಿಗೆ) ತರಬೇತಿ ಕೊಡುವ ಕೆಲಸಕ್ಕಾಗಿ ನನ್ನ ಪತಿಗೆ ಕರೆ ಬಂದಿದೆ. ಮುಂದಿನ ಜೂನ್ ತಿಂಗಳಲ್ಲಿ ಹೊರಡಬೇಕು, ನಾಲ್ಕು ವರ್ಷ ಅಲ್ಲಿರಬೇಕು.

ಈ ಸೇವೆಗೆ ಹೋಗಬೇಕೆಂಬ ಆಸೆ ನಮ್ಮಿಬ್ಬರಿಗೂ ಸಮನಾಗಿಯೇ ಇದೆ. ಆದರೆ ಕಳೆದ ವಾರ ಬಂದ ಪತ್ರವನ್ನು ಓದಿದ ಮೇಲೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅದರಲ್ಲಿ ನನ್ನ ಪತಿಯ ಕೆಲಸ, ಪಾಠದ ವೇಳೆ, ಅವರು ಭೇಟಿ ಕೊಡಬೇಕಾದ ಹಳ್ಳಿಯ ಸಭೆಗಳು ಎಲ್ಲವೂ ವಿವರವಾಗಿವೆ. ನನ್ನ ಬಗ್ಗೆ ಇರುವುದು ‘ಪತ್ನಿ ಮತ್ತು ಮಗು ಜೊತೆಯಲ್ಲಿರಬಹುದು’ ಎಂಬ ಒಂದೇ ಸಾಲು. ಅಲ್ಲಿ ನನ್ನ ದಿನ ಹೇಗೆ ಕಳೆಯುತ್ತದೆ, ಮನೆ, ಅಡುಗೆ, ಮಗು, ಸಭೆಯವರ ಬಂದುಹೋಗುವಿಕೆ ಇವುಗಳ ನಡುವೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಗೆ ಸಿಗುತ್ತಾರೆ ಎಂಬುದನ್ನು ಹೋಗಿ ಬಂದವರು ಹೇಳಿದರೆ ಉಪಕಾರವಾಗುತ್ತದೆ. ಇಲ್ಲಿನ ಹಿರಿಯರನ್ನು ಕೇಳಿದರೆ ‘ದೇವರು ನಡೆಸುತ್ತಾನೆ’ ಎನ್ನುತ್ತಾರೆ. ಅದನ್ನು ನಾನೂ ನಂಬುತ್ತೇನೆ, ಆದರೂ ಬೆಳಿಗ್ಗೆ ಎದ್ದರೆ ಏನು ಮಾಡುತ್ತೇನೆ ಎಂಬುದು ನನಗೆ ತಿಳಿಯಬೇಕಾಗಿದೆ.

ಉತ್ತರ 1: ಉಳೇಜಿ

ಪ್ರೀತಿಯ ತಂಗಿ, ನಾವಿಬ್ಬರೂ 2011ರಿಂದ 2017ರವರೆಗೆ ಅದೇ ಎಂಬೇಯದಲ್ಲಿದ್ದೆವು. ನನ್ನ ಪತಿ ಪಾಠ ಮಾಡುತ್ತಿದ್ದರು. ನಾನು ಊರಿನಲ್ಲಿ ಹೈಸ್ಕೂಲು ಶಿಕ್ಷಕಿಯಾಗಿದ್ದವಳು ಕೆಲಸ ಬಿಟ್ಟು ಹೋಗಿದ್ದೆ. ನಿಮಗೆ ಬಂದಂಥ ಪತ್ರವೇ ನನಗೂ ಬಂದಿತ್ತು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಮನೆವಾರ್ತೆಯ ಮಾತು. ಎಂಬೇಯ ಎತ್ತರದ ಊರು, ಜೂನ್ ಜುಲೈ ತಿಂಗಳುಗಳಲ್ಲಿ ರಾತ್ರಿ ಕೊರೆಯುವಷ್ಟು ಚಳಿ. ಆಫ್ರಿಕವೆಂದರೆ ಸೆಕೆ ಎಂದುಕೊಂಡು ಹತ್ತಿಯ ಬಟ್ಟೆಯನ್ನಷ್ಟೇ ಒಯ್ದ ನಾವು ಮೊದಲ ವಾರವೇ ಸಂತೆಯಲ್ಲಿ ಸ್ವೆಟರ್ ಹುಡುಕಿದೆವು. ಮಗುವಿಗೆ ಉಣ್ಣೆಯ ಬಟ್ಟೆ ಇಟ್ಟುಕೊಳ್ಳಿ. ಊಟದ ಚಿಂತೆ ಬೇಡ. ಅಲ್ಲಿನವರು ಮೆಕ್ಕೆಜೋಳದ ಹಿಟ್ಟಿನಿಂದ ಮಾಡುವ ಉಗಾಲಿ ನಮ್ಮ ಮುದ್ದೆಯ ಹತ್ತಿರದ ಸಂಬಂಧಿ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯದೊಂದಿಗೆ ತಿನ್ನುತ್ತಾರೆ. ನನ್ನ ಇಲ್ಲಿನ ಹೆಸರಾದ ‘ಉಳೇಜಿ’ ಎಂದರೆ ಅಲ್ಲಿನ ಭಾಷೆಯಾದ ಸ್ವಾಹಿಲಿಯಲ್ಲಿ ರಾಗಿ. ಸಂತೆಯಲ್ಲಿ ಒಬ್ಬ ಅಜ್ಜಿ ಗೋಣಿಯ ಮೇಲೆ ಕೆಂಪು ಕಾಳಿನ ಗುಡ್ಡೆ ಹಾಕಿಕೊಂಡು, ಬಣ್ಣದ ಡಬ್ಬಿಯಲ್ಲಿ ಅಳೆದು ಕೊಡುತ್ತಿದ್ದರು. ಮೊದಲ ದಿನ ಅದನ್ನು ಅಂಗೈಯಲ್ಲಿ ಹಿಡಿದಾಗ ಇದು ನಮ್ಮ ರಾಗಿಯೇ ಎಂದು ಗೊತ್ತಾಗಿ ನನಗೆ ಅಳು ಬಂತು. ರಾಗಿ ಪೂರ್ವ ಆಫ್ರಿಕದ ಎತ್ತರದ ನೆಲದಿಂದಲೇ ನಮ್ಮಲ್ಲಿಗೆ ಬಂದದ್ದು ಎಂಬುದನ್ನು ಆಮೇಲೆ ತಿಳಿದೆ. ತೊಗರಿಯೂ ಧಾರಾಳವಾಗಿ ಸಿಗುತ್ತದೆ, ಆ ದೇಶ ನಮಗೇ ತೊಗರಿ ಮಾರುತ್ತದೆ. ಆಟೋರಿಕ್ಷಾಕ್ಕೆ ಅಲ್ಲಿನವರು ‘ಬಜಾಜಿ’ ಎನ್ನುತ್ತಾರೆ, ಗಾಡಿಗೆ ‘ಗಾರಿ’, ಅಂಗಡಿಗೆ ‘ದುಕಾ’. ಕಿವಿಗೆ ಇವು ಬಿದ್ದಾಗಲೆಲ್ಲ ಪರದೇಶದ ಭಯ ಒಂದಿಷ್ಟು ಇಳಿಯುತ್ತದೆ.

ಗಡಿಯಾರದ ವಿಷಯವನ್ನು ಮಾತ್ರ ಇಲ್ಲಿಂದಲೇ ಕಲಿತು ಹೋಗಿ. ಸ್ವಾಹಿಲಿಯಲ್ಲಿ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ಸ್ತ್ರೀಯರ ಕೂಟಕ್ಕೆ ನಾಲ್ಕು ಗಂಟೆಗೆ ಬನ್ನಿ ಎಂದು ಕರೆದಿದ್ದರು. ನಾನು ಸಂಜೆ ನಾಲ್ಕಕ್ಕೆ ಹೋದಾಗ ಬೆಳಿಗ್ಗೆ ಹತ್ತಕ್ಕೆ ಆರಂಭವಾದ ಕೂಟ ಮುಗಿದು, ದೇವಾಲಯದ ಅಂಗಳವನ್ನೂ ಗುಡಿಸಿಯಾಗಿತ್ತು. ನನಗಾಗಿ ಅಡುಗೆ ಮಾಡಿ ಕಾದಿದ್ದರೆಂದು ತಿಳಿದು ಬಹಳ ನೊಂದೆ.

ಇನ್ನು ನೀವು ನಿಜವಾಗಿ ಕೇಳಿರುವ ವಿಷಯ. ಸಭಾಪಾಲಕರ ಮನೆಯ ಬಾಗಿಲು ಅಲ್ಲಿ ಎಂದೂ ಮುಚ್ಚಿರುವುದಿಲ್ಲ. ಹೊರಗೆ ನಿಂತು ‘ಹೋದಿ’ ಎಂದು ಕೂಗುತ್ತಾರೆ, ಒಳಗಿನವರು ‘ಕರಿಬು’ ಎನ್ನಬೇಕು, ಬಂದವರಿಗೆ ಚಹಾ ಕೊಡಬೇಕು, ಮನೆಮಂದಿಯ ಕ್ಷೇಮವನ್ನು ಒಬ್ಬೊಬ್ಬರದಾಗಿ ಕೇಳಬೇಕು. ಮೊದಲ ವರ್ಷ ನನ್ನ ಪತಿ ವಾರದಲ್ಲಿ ಮೂರು ದಿನ ಹಳ್ಳಿಗಳಲ್ಲಿರುತ್ತಿದ್ದರು. ಭಾಷೆ ಬಾರದ ನಾನು ದಿನಕ್ಕೆ ಹತ್ತು ಸಲ ಬಾಗಿಲಿಗೆ ಹೋಗಿ, ಬಂದವರ ಮಾತು ಅರ್ಥವಾಗದೆ, ನಗುತ್ತ ನಿಲ್ಲುತ್ತಿದ್ದೆ. ಪತಿ ದಣಿದು ಮನೆಗೆ ಬಂದಾಗ ಆಡಲು ನನ್ನಲ್ಲಿ ದೂರುಗಳಷ್ಟೇ ಉಳಿದಿರುತ್ತಿದ್ದವು. ನಾವು ಅತಿ ಹೆಚ್ಚು ಜಗಳವಾಡಿದ್ದು ಆ ವರ್ಷದಲ್ಲಿ. ಇದನ್ನು ಮುಚ್ಚಿಡುವುದು ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ.

ಅದನ್ನು ಬದಲಿಸಿದ್ದು ಒಂದು ಸಾವಿನ ಮನೆ. ನೆರೆಯ ಮುದುಕರೊಬ್ಬರು ತೀರಿಕೊಂಡರು, ನನ್ನ ಪತಿ ಊರಿನಲ್ಲಿರಲಿಲ್ಲ. ನಾನು ಚೂಡಿದಾರದಲ್ಲೇ ಹೋಗಿ ಬಾಗಿಲ ಬಳಿ ಅಳುಕುತ್ತ ನಿಂತೆ. ಚಾಪೆಯ ಮೇಲೆ ಕುಳಿತಿದ್ದ ಹೆಂಗಸರಲ್ಲಿ ಒಬ್ಬರು ಎದ್ದು ಬಂದು, ತಾವು ಹೊದ್ದಿದ್ದ ಕಾಂಗಾ ಬಟ್ಟೆಯನ್ನು ತೆಗೆದು, ಮಾತಿಲ್ಲದೆ ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಕೈಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಕಾಂಗಾಗಳು ಜೋಡಿಯಾಗಿ ಬರುತ್ತವೆ, ಒಂದು ಉಡಲು, ಒಂದು ಹೊದೆಯಲು. ನನಗೆ ಬಂದಿದ್ದು ಆ ಜೋಡಿಯ ಅರ್ಧ. ಸಂಜೆಯವರೆಗೆ ಅವರೊಂದಿಗೆ ಅಕ್ಕಿ ಆರಿಸಿದೆ. ‘ಪೊಲೆ’ ಎಂಬ ಒಂದು ಪದ ಕಲಿತೆ: ನಿಮ್ಮ ನೋವು ನನಗೂ ತಟ್ಟಿತು ಎಂದು ಅದರ ಭಾವ. ಮರುದಿನದಿಂದ ಆ ಬೀದಿಯಲ್ಲಿ ನಾನು ಬೋಧಕರ ಹೆಂಡತಿ ಮಾತ್ರವಾಗಿರದೆ ನನ್ನ ಹಿರಿಯ ಮಗನ ಹೆಸರಿನಿಂದ ‘ಮಾಮಾ ಇಂಥವನು’, ಅಂದರೆ ಇಂಥವನ ತಾಯಿ, ಆದೆ.

ಆಮೇಲೆ ಎರಡು ಕೆಲಸ ಮಾಡಿದೆವು. ಭಾಷೆಯ ಪಾಠಕ್ಕೆ ಇಬ್ಬರೂ ಒಟ್ಟಿಗೆ ಕುಳಿತೆವು. ಅಲ್ಲಿಯವರೆಗೆ ನನ್ನ ಪತಿಗೆ ಪ್ರಸಂಗದ (ಚರ್ಚಿನ ಉಪದೇಶದ) ಸ್ವಾಹಿಲಿ ಬರುತ್ತಿತ್ತು, ನನಗೆ ಸಂತೆಯ ಸ್ವಾಹಿಲಿ. ಇಬ್ಬರಲ್ಲಿ ಯಾರೂ ಒಂದು ಪೂರ್ತಿ ಸಂಭಾಷಣೆ ನಡೆಸಲಾರದವರಾಗಿದ್ದೆವು. ಎರಡನೆಯದಾಗಿ, ಸೋಮವಾರ ನಮ್ಮ ದಿನ ಎಂದು ಗೊತ್ತುಮಾಡಿದೆವು. ಅದನ್ನು ನಾವೇ ಹೇಳಿದ್ದರೆ ಒರಟಾಗುತ್ತಿತ್ತು. ನನಗೆ ಕಾಂಗಾ ಸುತ್ತಿದ ಆ ಅಕ್ಕನೇ ಬೀದಿಯವರಿಗೆಲ್ಲ ತಿಳಿಸಿದರು.

ಮಗುವಿನ ಆರೋಗ್ಯದ ಬಗ್ಗೆ ನರ್ಸ್ ಆಗಿರುವ ನಿಮಗೆ ನಾನು ಹೇಳುವುದು ಹೆಚ್ಚೇನಿಲ್ಲ. ಎಂಬೇಯಕ್ಕಿಂತ ಕೆಳಗೆ, ನ್ಯಾಸಾ ಸರೋವರದ ಹತ್ತಿರವಿರುವ ಕ್ಯೇಲಾದ ಕಡೆಗೆ ಹೋಗುವಾಗ ಸೊಳ್ಳೆಪರದೆ ಮರೆಯಬೇಡಿ, ಅಲ್ಲಿ ಮಲೇರಿಯ ಹೆಚ್ಚು.

ಉತ್ತರ 2: ಬಲ್ಮಠದ ಓದುಗ

ನಾನು ವಿದೇಶಕ್ಕೆ ಹೋಗಿ ಸೇವೆ ಮಾಡಿದವನಲ್ಲ. ಆದರೆ ನಮ್ಮ ಊರಿಗೇ ಹಾಗೆ ಬಂದ ದಂಪತಿಗಳ ಬದುಕನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಸಹೋದರಿಯವರು ಹೇಳಿದ ‘ಒಂದೇ ಸಾಲು’ ಹೊಸದಲ್ಲವಾದ್ದರಿಂದ ಬರೆಯಬೇಕೆನಿಸಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮೊದಲ ಮೂವರು ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಆ ಸಂಸ್ಥೆಯ ನಿಯಮದಂತೆ ಮಿಷನರಿ ಅವಿವಾಹಿತನಾಗಿಯೇ ಹೊರಡಬೇಕಿತ್ತು. ಕೆಲವು ವರ್ಷ ಕೆಲಸ ಮಾಡಿದ ಬಳಿಕ ಮದುವೆಗೆ ಅನುಮತಿ ಬೇಡಬೇಕು, ವಧುವನ್ನು ಬಾಸೆಲಿನ ಸಮಿತಿ ಒಪ್ಪಬೇಕು. ಹೀಗಾಗಿ ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಕಂಡೂ ಇರದ ವರನನ್ನು ಮದುವೆಯಾಗಲು ಹಡಗು ಹತ್ತಿ ಬಂದರು. ಬಂದ ಮೇಲೆ ಹೆಣ್ಣುಮಕ್ಕಳ ಶಾಲೆ, ಹೊಲಿಗೆಯ ಪಾಠ, ಕಾಯಿಲೆಯವರ ಆರೈಕೆ, ಅತಿಥಿಗಳ ಊಟ ಎಲ್ಲವೂ ಅವರ ಪಾಲಿಗೆ. ಪ್ರತ್ಯೇಕ ಸಂಬಳ ಮಾತ್ರ ಇರಲಿಲ್ಲ.

ಹರ್ಮನ್ ಗುಂಡರ್ಟ್ ಅವರ ಹೆಸರನ್ನು ಮಲಯಾಳಂ ನಿಘಂಟಿನಿಂದಾಗಿ ಎಲ್ಲರೂ ಬಲ್ಲರು. ಅವರು 1838ರಲ್ಲಿ ಮದುವೆಯಾದ ಜೂಲಿ ಡುಬೊಯಿಸ್ ಫ್ರೆಂಚ್ ಮಾತಾಡುವ ಸ್ವಿಸ್ ಹೆಣ್ಣುಮಗಳು, ಗಂಡನ ಮನೆಮಾತು ಜರ್ಮನ್. ಮದುವೆಯಾದ ವರ್ಷವೇ ಮಂಗಳೂರಿಗೆ ಬಂದು, ಮುಂದಿನ ವರ್ಷ ತಲಶ್ಶೇರಿಯಲ್ಲಿ ನೆಲೆಸಿದರು. ಗುಂಡರ್ಟ್ ತಾಳೆಗರಿಗಳನ್ನು ಓದುತ್ತಿದ್ದಾಗ ಜೂಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದರು. 1872ರ ಆ ನಿಘಂಟಿನ ಹಿಂದೆ ಆ ಮನೆಯನ್ನು ನಡೆಸಿದ ಕೈಗಳೂ ಇವೆ ಎಂದೇ ನಾನು ತಿಳಿಯುತ್ತೇನೆ.

ಆದರೆ ಅವರ ಬದುಕಿನಲ್ಲಿ ನನ್ನನ್ನು ಕಾಡುವುದು ಮಕ್ಕಳ ವಿಷಯ. ಮಿಷನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲೇ ಯುರೋಪಿಗೆ ಕಳಿಸುವ ರೂಢಿಯಿತ್ತು, ಅವರಿಗಾಗಿ ಬಾಸೆಲಿನಲ್ಲಿ ಮಕ್ಕಳ ಮನೆಯೂ ಆಯಿತು. ಗುಂಡರ್ಟ್ ದಂಪತಿಯ ಮಗಳು ಮಾರಿ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವರು. ತೀರ ಚಿಕ್ಕವರಿದ್ದಾಗ ಅವರನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಇಲ್ಲಿಗೆ ಮರಳಿ ಬಂದರು. ಮಾರಿ ಮತ್ತೆ ತಂದೆತಾಯಿಯನ್ನು ಸೇರಿದ್ದು 1857ರಲ್ಲಿ, ಹದಿಹರೆಯದವರಾಗಿ. ಮುಂದೆ ಲೇಖಕ ಹರ್ಮನ್ ಹೆಸ್ಸೆಯ ತಾಯಿಯಾದವರು ಇವರೇ. ನಮ್ಮ ಕಿಟ್ಟೆಲ್ ಅವರ ಮೊದಲ ಪತ್ನಿ ಪೌಲೀನ್ ಮದುವೆಯಾದ ಕೆಲವೇ ವರ್ಷಗಳಲ್ಲಿ, 1864ರಲ್ಲಿ ತೀರಿಕೊಂಡರು. ಬಳಿಕ ಅವರು ಪೌಲೀನರ ಸಹೋದರಿ ಜೂಲಿಯನ್ನು ವರಿಸಿದರು. 1894ರ ಕನ್ನಡ ನಿಘಂಟನ್ನು ಬಿಡಿಸುವಾಗ ಈ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯುವವರು ವಿರಳ.

ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ನಿಮ್ಮ ಮಗಳು ನಿಮ್ಮ ಜೊತೆಯಲ್ಲೇ ಇರುತ್ತಾಳೆ, ಮನೆಯವರ ಮುಖವನ್ನು ದಿನವೂ ಫೋನಿನಲ್ಲಿ ನೋಡಬಹುದು. ಆದರೆ ಪತ್ರದ ಆ ಒಂದೇ ಸಾಲು ಇನ್ನೂ ಬದಲಾಗಿಲ್ಲವೆಂದರೆ, ಅದನ್ನು ಬದಲಿಸಿ ಎಂದು ಕೇಳುವ ಹಕ್ಕು ನಿಮಗೆ ಪೂರ್ತಿಯಾಗಿ ಇದೆ.

ಉತ್ತರ 3: ಮುನ್ನೂರು ಮೆಟ್ಟಿಲು

ಮೊದಲ ಉತ್ತರ ಬರೆದಿರುವವರ ಪತಿ ನಾನು. ಅವರು ನನ್ನ ಮೇಲಿನ ಗೌರವದಿಂದ ಹೇಳದೆ ಬಿಟ್ಟದ್ದನ್ನು ನಾನೇ ಹೇಳಬೇಕು. ಆ ಮೊದಲ ವರ್ಷ ನನ್ನ ಕೆಲಸ ದೇವರ ಕೆಲಸ, ಮನೆಯದು ಅವಳ ಕೆಲಸ ಎಂದು ನಾನು ನಂಬಿದ್ದೆ. ಹಳ್ಳಿಯಿಂದ ಬಂದವನು ಯಾವ ಸಭೆಯಲ್ಲಿ ಎಷ್ಟು ಜನ ಸೇರಿದ್ದರು ಎಂದು ಉತ್ಸಾಹದಿಂದ ಹೇಳುತ್ತಿದ್ದೆ, ಅವಳ ದಿನ ಹೇಗಿತ್ತೆಂದು ಕೇಳುತ್ತಿರಲಿಲ್ಲ. ಸಾವಿನ ಮನೆಯಿಂದ ಅವಳು ಆ ಕಾಂಗಾ ಉಟ್ಟುಕೊಂಡೇ ಬಂದ ಸಂಜೆ, ಆರು ತಿಂಗಳ ನನ್ನ ಪ್ರಸಂಗಗಳು ಮಾಡದ ಕೆಲಸವನ್ನು ಅವಳು ಒಂದು ಮಧ್ಯಾಹ್ನ ಅಕ್ಕಿ ಆರಿಸಿ ಮಾಡಿದ್ದಾಳೆಂದು ನನಗೆ ಹೊಳೆಯಿತು.

ಆದ್ದರಿಂದ ನಿಮ್ಮ ಪತಿಯವರಿಗೆ ನನ್ನ ವಿನಂತಿ: ಕಳಿಸುವ ಸಂಸ್ಥೆಗೆ ನೀವೇ ಪತ್ರ ಬರೆಯಿರಿ, ಪತ್ನಿಯಿಂದ ಬರೆಸಬೇಡಿ. ವಾಸದ ಪರವಾನಗಿಯಲ್ಲಿ ಅವರು ಅವಲಂಬಿತರೆಂದು ಮಾತ್ರ ನಮೂದಾದರೆ ಅಲ್ಲಿ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಅವರ ಕೆಲಸವನ್ನೂ ಹೆಸರಿಸಿ, ಅವರಿಗೂ ಬೇರೆಯಾಗಿಯೇ ಅರ್ಜಿ ಹಾಕಿಸಿ. ನರ್ಸಿಂಗ್ ನೋಂದಣಿಯ ದಾಖಲೆಗಳನ್ನು ಇಲ್ಲಿರುವಾಗಲೇ ದೃಢೀಕರಿಸಿಕೊಳ್ಳಿ. ಇದು ನಿಧಾನದ ಕೆಲಸ, ಜೂನ್ ದೂರವಿಲ್ಲ. ಭಾಷೆ ಕಲಿಯಲು ಇಬ್ಬರಿಗೂ ಮೊದಲ ಮೂರು ತಿಂಗಳು ಬಿಡುವು ಬೇಕೆಂದೂ, ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ ಬೇಕೆಂದೂ ಅದರಲ್ಲೇ ಬರೆಯಿರಿ.

ಗುರುಪುರ ಹೊಳೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎಲ್ಲ ಉತ್ತರಗಳನ್ನು ನನ್ನ ಪತಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ಲ್ಯಾಪ್‌ಟಾಪ್ ತೆರೆದು ಪತ್ರ ಬರೆಯಲು ಕುಳಿತರು. ನನ್ನ ಹೆಸರನ್ನು ಅವರ ಹೆಸರಿನ ಪಕ್ಕದಲ್ಲೇ ಬರೆದಿದ್ದಾರೆ. ಅಕ್ಕ, ಇನ್ನೊಂದು ಮಾತು: ಇಲ್ಲಿಂದ ಒಯ್ಯಲೇಬೇಕಾದದ್ದು ಏನಾದರೂ ಇದೆಯೇ? ಆ ಅಕ್ಕನ ಕಾಂಗಾವನ್ನು ನೀವು ಹಿಂದಿರುಗಿಸಿದಿರಾ?

ಉಳೇಜಿ

ಕುಚ್ಚಲಕ್ಕಿಯ ಭಾರ ಹೊರಬೇಡಿ. ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಒಂದು ಗಟ್ಟಿ ಕುಕ್ಕರ್ ಮತ್ತು ಅದರ ಗ್ಯಾಸ್ಕೆಟ್ ಎರಡು ಇರಲಿ. ಕನ್ನಡದ ಸತ್ಯವೇದ (ಬೈಬಲ್) ಮತ್ತು ಮಗಳಿಗೆ ಓದಿ ಹೇಳಲು ಕನ್ನಡದ ಕಥೆ ಪುಸ್ತಕಗಳನ್ನು ತಪ್ಪದೆ ಒಯ್ಯಿರಿ, ಏಕೆಂದರೆ ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಯ ಪಾಠ ಸ್ವಾಹಿಲಿಯಲ್ಲಿ ನಡೆಯುತ್ತದೆ, ಕನ್ನಡ ಉಳಿಯುವುದು ಮನೆಯಲ್ಲಿ ಮಾತ್ರ. ಅಂಗಡಿಗೆ ಹೋಗಲು ಬಟ್ಟೆಯ ಚೀಲಗಳಿರಲಿ. 2019ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಗಿದೆ.

ಕಾಂಗಾವನ್ನು ಮರುವಾರ ಒಗೆದು, ಮಡಚಿ, ಒಂದು ಸೇರು ರಾಗಿಯೊಂದಿಗೆ ಹಿಂದಿರುಗಿಸಲು ಹೋದೆ. ಅವರು ರಾಗಿಯನ್ನು ತೆಗೆದುಕೊಂಡು, ಒಳಗಿನಿಂದ ಆ ಜೋಡಿಯ ಇನ್ನೊಂದು ಅರ್ಧವನ್ನೂ ತಂದು ನನ್ನ ಕೈಗಿಟ್ಟರು. ಈಗ ಎರಡೂ ನನ್ನ ಪೆಟ್ಟಿಗೆಯಲ್ಲಿವೆ.