ಜೊತೆ ಸಂಸ್ಥೆಯ ಸಾಧನೆ ನಮ್ಮ ಪುಟದಲ್ಲಿ ಬೇಕೇ?

ಧಾರವಾಡದಲ್ಲಿ ಮಕ್ಕಳ ವಾಚನಾಲಯ ನಡೆಸುವ ಸಣ್ಣ ಸಂಸ್ಥೆ ನಮ್ಮದು. ನಮ್ಮ ಜೊತೆಗೆ ಶಾಲೆಗಳಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಸಂಸ್ಥೆಯೊಂದಕ್ಕೆ ಹತ್ತು ವರ್ಷ ತುಂಬುತ್ತಿದೆ. ಪೋಸ್ಟರ್ ಕಳಿಸಿ, ನಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪುಟಗಳಲ್ಲೂ ಹಾಕಿ ಎಂದು ಕೇಳಿದ್ದಾರೆ. ಹಾಕಬೇಕೇ? ಅನುಭವ ಇದ್ದವರು ತಿಳಿಸಿ.

ಗದಗದಿಂದ:
ಹಾಕಿ, ಆದರೆ ಆ ಪೋಸ್ಟರನ್ನಲ್ಲ. 2024ರಲ್ಲಿ ನಮ್ಮ ಜಿಲ್ಲೆಯ ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಆ ಕೆರೆಯನ್ನು ಕಾಯುವುದು ಅರಣ್ಯ ಇಲಾಖೆ. ನಾವು ಶಾಲಾ ಮಕ್ಕಳನ್ನು ಅಲ್ಲಿಗೆ ಹಕ್ಕಿ ನೋಡಲು ಕರೆದೊಯ್ಯುವವರು, ಅಷ್ಟೇ. ಆ ಹೆಮ್ಮೆಯಲ್ಲಿ ನಮ್ಮ ಪಾಲು ಎಷ್ಟೋ ಅಷ್ಟನ್ನೇ ಬರೆದೆವು: ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಈ ಕೆರೆಯಲ್ಲಿ ತಂಗುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಮಕ್ಕಳು ಬಿಡಿಸಿದ ಚಿತ್ರಗಳು ಇವು, ನಿಮ್ಮ ಶಾಲೆಯವರೂ ಬರಬಹುದು. ಗುರುತಿಲ್ಲದ ಶಿಕ್ಷಕರೂ ಫೋನ್ ಮಾಡಿದರು. 'ಹಾರ್ದಿಕ ಅಭಿನಂದನೆಗಳು' ಎಂದಷ್ಟೇ ಹಾಕಿದ್ದರೆ ಕೈಮುಗಿಯುವ ಚಿಹ್ನೆಗಳ ಸಾಲು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಹಾವೇರಿಯಿಂದ:
ಮೇಲಿನವರ ಮಾತು ಸರಿ. ನನ್ನ ತಕರಾರು ಇರುವುದು ಬೇರೆ ಕಡೆ. ಒಬ್ಬರದ್ದು ಹಾಕಿದಿರೋ, ಮದುವೆಯ ಮುಯ್ಯಿಯಂತೆ ಲೆಕ್ಕ ಶುರುವಾಗುತ್ತದೆ. ಅವರದ್ದು ಹಾಕಿದಿರಿ, ನಮ್ಮದೇಕೆ ಇಲ್ಲ ಎಂದು ಉಳಿದವರು ಮುನಿಸಿಕೊಳ್ಳುತ್ತಾರೆ. ಅದಕ್ಕೇ ನಾವು ಒಂದು ಗೆರೆ ಎಳೆದುಕೊಂಡಿದ್ದೇವೆ. ಇಬ್ಬರೂ ಕೂಡಿ ಮಾಡಿದ ಕೆಲಸವಿದ್ದರೆ ನಮ್ಮ ಪುಟದಲ್ಲಿ ಬರಹ, ಇಲ್ಲದಿದ್ದರೆ ಅವರ ಪುಟದಲ್ಲೇ ಒಂದು ಒಳ್ಳೆಯ ಪ್ರತಿಕ್ರಿಯೆ.

ಇನ್ನೊಂದು ಮಾತು. ಪೋಸ್ಟರಿನ ಮೂಲೆಯಲ್ಲಿ ದೇಣಿಗೆಯ ಕ್ಯೂಆರ್ ಕೋಡ್ ಇದೆಯೇ ನೋಡಿ. ನಮ್ಮ ಪುಟದಲ್ಲಿ ಕಂಡಿದ್ದಕ್ಕೆ ಒಬ್ಬ ದಾನಿ ಅದು ನಮ್ಮದೇ ಎಂದುಕೊಂಡು ಹಣ ಹಾಕಿ, ಆದಾಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ರಸೀದಿಯನ್ನು ನಮ್ಮ ಬಳಿ ಕೇಳಿದರು. ಹಣ ಯಾರ ಖಾತೆಗೆ ಹೋಗಿದೆಯೋ ರಸೀದಿಯನ್ನು ಅವರೇ ಕೊಡಬೇಕು. ಇದನ್ನು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಹುಬ್ಬಳ್ಳಿಯಿಂದ:
ಇನ್‌ಸ್ಟಾಗ್ರಾಂನಲ್ಲಿ ಜಂಟಿ ಪೋಸ್ಟಿಗೆ ಆಹ್ವಾನ ಕಳಿಸಲು ಅವರಿಗೆ ಹೇಳಿ. ಒಪ್ಪಿದರೆ ಒಂದೇ ಪೋಸ್ಟ್ ಎರಡೂ ಪುಟಗಳಲ್ಲಿ ಕಾಣುತ್ತದೆ, ಯಾರ ಬರಹ ಎಂಬ ಗೊಂದಲವೂ ಇರುವುದಿಲ್ಲ. ಬೇಡವೆನಿಸಿದರೆ ಆಮೇಲೆ ಹೊರಬರಬಹುದು. ಮಕ್ಕಳ ಫೋಟೊ ಇದ್ದರೆ ಪೋಷಕರ ಒಪ್ಪಿಗೆ ಪಡೆದಿದ್ದಾರೆಯೇ ಎಂದು ಮೊದಲೇ ಕೇಳಿ. ರಾಜಕಾರಣಿಗಳ ಮುಖಗಳ ಸಾಲಿರುವ ಪೋಸ್ಟರ್ ಆದರೆ ಒಪ್ಪಬೇಡಿ. ಚುನಾವಣೆಯ ಹೊತ್ತಿನಲ್ಲಂತೂ ಬೇಡವೇ ಬೇಡ.