ಎಡಗಡೆ ಡೆಕ್ ಬೀಟ್ ಬಿಟ್ಟು ಜಾರುತ್ತಿದೆ, ಬೆಲ್ಟ್ ಹೋಯ್ತಾ ಅಥವಾ ನನ್ನ ಸೆಟಪ್ ತಪ್ಪಾ?

ತಿರುಗುತಟ್ಟೆ:
ನಮಸ್ಕಾರ ಎಲ್ಲರಿಗೂ. ಬೆಂಗಳೂರಿನಲ್ಲಿದ್ದೇನೆ, ಎರಡು ತಿಂಗಳಿಂದ ಮನೆಯಲ್ಲೇ ವಿನೈಲ್ ಮಿಕ್ಸಿಂಗ್, ಅಂದ್ರೆ ಎರಡು ರೆಕಾರ್ಡಿನ ಬೀಟ್ ಒಂದಕ್ಕೊಂದು ಕೂರಿಸಿ ಬಾರಿಸೋದು, ಕಲಿಯುತ್ತಿದ್ದೇನೆ. ಬಲಗಡೆ ಡೆಕ್ (ರೆಕಾರ್ಡ್ ಪ್ಲೇಯರ್) ಸೆಕೆಂಡ್ ಹ್ಯಾಂಡ್ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2. ಎಡಗಡೆ ಅಕ್ಕ ಅಮೆರಿಕದಿಂದ ವಾಪಸ್ ಬರುವಾಗ ತಂದ ಹಳೇ ಬೆಲ್ಟ್ ಡ್ರೈವ್ ಡೆಕ್, ಮೋಟರ್ ಒಂದು ಬೆಲ್ಟಿನ ಮೂಲಕ ತಟ್ಟೆ ತಿರುಗಿಸುತ್ತೆ. ಅದಕ್ಕೂ ಪಿಚ್ ಸ್ಲೈಡರ್ (ಸ್ಪೀಡನ್ನು ಶೇಕಡಾ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡುವ ಗುಂಡಿ) ಇದೆ. ಎಸ್.ಪಿ. ರೋಡಿನಲ್ಲಿ ತಗೊಂಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೇಲೆ ಓಡುತ್ತೆ.

ತೊಂದರೆ ಏನಂದ್ರೆ, ಎರಡು ಹೌಸ್ (ಡ್ರಮ್ ಮಷಿನ್ನಿನ ಡಾನ್ಸ್ ಸಂಗೀತ) ರೆಕಾರ್ಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿ ಸರಿಯಾಗಿ ಕೂರಿಸುತ್ತೇನೆ, ಎಂಟು ಬಾರ್ (ನಾಲ್ಕು ಬೀಟಿಗೆ ಒಂದು ಬಾರ್) ಚೆನ್ನಾಗಿ ಹೋಗುತ್ತೆ, ಆಮೇಲೆ ಎಡಗಡೆಯದು ಹಿಂದೆ ಬೀಳುತ್ತೆ, ಸರಿ ಮಾಡಿದರೆ ಸ್ವಲ್ಪ ಹೊತ್ತಿಗೆ ಮುಂದೆ ಓಡುತ್ತೆ. ಒಂದು ರೆಕಾರ್ಡಿನಲ್ಲಿ ಉದ್ದದ ಸ್ವರ ಬಂದಾಗ ಅಲೆ ಅಲೆಯಾಗಿ ಕೇಳುತ್ತೆ. ರೆಕಾರ್ಡನ್ನು ಹಿಂದಕ್ಕೆ ಎಳೆದು ಕ್ಯೂ ಮಾಡುವಾಗ (ಶುರುವಿನ ಬೀಟಿಗೆ ತರುವಾಗ) ಸೂಜಿ ಬೇರೆ ಹಾರುತ್ತೆ. ಇಂಟರ್ನೆಟ್ಟಿಂದ ಸ್ಟ್ರೋಬ್ ಡಿಸ್ಕ್ (ಸ್ಪೀಡ್ ಸರಿ ಇದ್ದರೆ ದೀಪದ ಕೆಳಗೆ ಗೆರೆಗಳು ನಿಂತ ಹಾಗೆ ಕಾಣುವ ಬಿಲ್ಲೆ) ಪ್ರಿಂಟ್ ಮಾಡಿ ಇಟ್ಟು ನೋಡಿದೆ, ಗೆರೆಗಳು ಜೋರಾಗಿ ಮುಂದಕ್ಕೆ ಓಡುತ್ತಿದ್ದವು. ಸ್ಪೀಡ್ ಜಾಸ್ತಿ ಇದೆ ಅಂದುಕೊಂಡು ಮೋಟರಿನ ತಳದ ಸ್ಕ್ರೂ ಸ್ವಲ್ಪ ತಿರುಗಿಸಿ ಕಡಿಮೆ ಮಾಡಿದೆ. ಆದರೂ ಗೆರೆ ನಿಲ್ಲಲಿಲ್ಲ. ಯಾರಾದರೂ ದಾರಿ ತೋರಿಸಿ.

ಬೆಸುಗೆಕಡ್ಡಿ:
ಮೊದಲು ಆ ಡಿಸ್ಕಿನ ಗೆರೆ ಎಣಿಸಿ. 216 ಇದ್ದರೆ ಅದು ಅಮೆರಿಕದ 60 ಹರ್ಟ್ಸ್ ಕರೆಂಟಿಗೆ ಮಾಡಿದ್ದು. ನಮ್ಮದು 50 ಹರ್ಟ್ಸ್. ಇಲ್ಲಿನ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತೆ, ಹಾಗಾಗಿ ನಿಮಿಷಕ್ಕೆ 33⅓ ಸುತ್ತಿನ ಸ್ಪೀಡಿಗೆ 180 ಗೆರೆಯ ಡಿಸ್ಕ್ ಬೇಕು. 216ರ ಡಿಸ್ಕ್ ಇಟ್ಟರೆ ಡೆಕ್ ಸರಿಯಾಗಿ ಓಡುತ್ತಿದ್ದರೂ ಗೆರೆಗಳು ಮುಂದಕ್ಕೆ ಓಡಿದ ಹಾಗೇ ಕಾಣುತ್ತವೆ. ನಿಮ್ಮ ಡೆಕ್ ಬಹುಶಃ ಸರಿಯಾಗೇ ಇತ್ತು, ಸ್ಕ್ರೂ ತಿರುಗಿಸಿದ ಮೇಲೆ ನಿಧಾನ ಆಗಿರಬೇಕು. ಎಲ್‌ಇಡಿ ಬಲ್ಬಿನ ಕೆಳಗೂ ನೋಡಬೇಡಿ, ಸುಮಾರು ಎಲ್‌ಇಡಿಗಳು ಮಿಣುಕುವುದೇ ಇಲ್ಲ. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಆಗುತ್ತೆ. ಕರೆಂಟ್ ಹೋಗಿ ಇನ್ವರ್ಟರ್ ಮೇಲಿದ್ದಾಗ ಈ ಪರೀಕ್ಷೆ ಬೇಡ, ಅದರ ಫ್ರೀಕ್ವೆನ್ಸಿ ಕರಾರುವಾಕ್ಕಾಗಿ 50 ಇರುತ್ತೆ ಅಂತ ನಂಬುವ ಹಾಗಿಲ್ಲ.

ಆದರೆ ಒಂದು ಮಾತು. ಡೆಕ್ ನಿಧಾನ ಇರುವುದು ನಿಜವಾದ ಕಾಯಿಲೆ ಅಲ್ಲ. ಒಂದೇ ಸಮ ನಿಧಾನ ಇದ್ದರೆ ಪಿಚ್ ಸ್ಲೈಡರ್ ಅದನ್ನು ಸರಿದೂಗಿಸುತ್ತೆ. ನಿಮ್ಮದು ಒಮ್ಮೆ ಹಿಂದೆ, ಒಮ್ಮೆ ಮುಂದೆ. ಅಂದ್ರೆ ಸ್ಪೀಡ್ ಬದಲಾಗುತ್ತಿದೆ. ಅದನ್ನು ಹಿಡಿಯಬೇಕು.

ಸುಲಭದ ದಾರಿ ಇದೆ. ಪ್ಲಾಟರಿನ (ರೆಕಾರ್ಡ್ ಕೂರುವ, ತಿರುಗುವ ತಟ್ಟೆ) ಅಂಚಿಗೆ ಬಿಳಿ ಟೇಪಿನ ಚೂರು ಅಂಟಿಸಿ. ಸ್ಲೈಡರ್ ಸೊನ್ನೆಯಲ್ಲಿರಲಿ. ರೆಕಾರ್ಡ್ ಹಾಕಿ, ಸೂಜಿ ಇಳಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. 98 ಬಂದರೆ ಶೇ. 2 ನಿಧಾನ. ಡೆಕ್ ತಣ್ಣಗಿರುವಾಗ ಒಂದು ಸಲ, ಅರ್ಧ ಗಂಟೆ ಓಡಿದ ಮೇಲೆ ಒಂದು ಸಲ, ಸೂಜಿ ಎತ್ತಿಟ್ಟು ಒಂದು ಸಲ ಎಣಿಸಿ. ಸೂಜಿ ಇಳಿದಾಗ ಮಾತ್ರ ಸುತ್ತು ಕಡಿಮೆಯಾದರೆ ಬೆಲ್ಟ್ ಜಾರುತ್ತಿದೆ. ತಣ್ಣಗಿದ್ದಾಗ ನಿಧಾನ, ಬಿಸಿಯಾದ ಮೇಲೆ ಸರಿ ಅಂದ್ರೆ ಬೇರಿಂಗಿನ ಎಣ್ಣೆ ಗಟ್ಟಿಯಾಗಿದೆ.

ಸಿಲ್ಕ್‌ಬೋರ್ಡ್ ಸೆಲೆಕ್ಟರ್:
ಆ ಅಲೆಯ ವಿಷಯ ಬೇರೆ ಅನ್ಸುತ್ತೆ. 33⅓ರಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್. ಅಲೆಯೂ ಅಷ್ಟಕ್ಕೊಂದು ಸಲ ಬರುತ್ತಾ? ಬಂದರೆ ರೆಕಾರ್ಡಿನ ತೂತು ನಡುವಿನಲ್ಲಿಲ್ಲ. ಅದೇ ರೆಕಾರ್ಡನ್ನು ಟೆಕ್ನಿಕ್ಸ್ ಮೇಲೆ ಹಾಕಿ. ಹಿಂದಿನಿಂದ ಬಗ್ಗಿ, ಕಣ್ಣಿನ ಮಟ್ಟದಲ್ಲಿ ಹೆಡ್‌ಶೆಲ್ (ಸೂಜಿ ಕೂರುವ ಆರ್ಮಿನ ತುದಿ) ನೋಡಿ, ತೊಟ್ಟಿಲು ತೂಗಿದ ಹಾಗೆ ಎಡಕ್ಕೂ ಬಲಕ್ಕೂ ಆಡುತ್ತಿರುತ್ತೆ. ತೂತು ಬರೀ ಅರ್ಧ ಮಿಲಿಮೀಟರ್ ಸರಿದಿದ್ದರೂ ಸೂಜಿ ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿರುವಾಗ ಸ್ಪೀಡ್ ಶೇ. 0.5ರಷ್ಟು ಮೇಲೆ ಕೆಳಗೆ ಆಗುತ್ತೆ, ಎಳೆದ ಸ್ವರದಲ್ಲಿ ಅಷ್ಟು ಧಾರಾಳವಾಗಿ ಕೇಳುತ್ತೆ. ನನ್ನ ಹತ್ತಿರ ಅಂಥದ್ದೊಂದು ಇತ್ತು, ತೂತನ್ನು ಕೂದಲೆಳೆಯಷ್ಟು ಅಗಲ ಮಾಡಿ, ಪ್ರತಿ ಸಲ ಕೈಯಲ್ಲಿ ನಡುವಿಗೆ ಸರಿಸಿ ಹಾಕುತ್ತೇನೆ.

ಸೂಜಿ ಹಾರುವುದಕ್ಕೆ ಕೌಂಟರ್‌ವೇಟ್ (ಆರ್ಮಿನ ಹಿಂದಿನ ಭಾರ) ನೋಡಿ. ತುಂಬಾ ಜನ ಇಲ್ಲೇ ತಪ್ಪು ಮಾಡುತ್ತಾರೆ. ಮೊದಲು ಆರ್ಮ್ ಗಾಳಿಯಲ್ಲಿ ಸಮವಾಗಿ ತೇಲಬೇಕು. ಆಗ ಹಿಂದಿನ ಭಾರವನ್ನು ಅಲ್ಲಾಡಿಸದೆ ಮುಂದಿನ ಅಂಕಿಯ ಉಂಗುರ ಮಾತ್ರ ಸೊನ್ನೆಗೆ ತನ್ನಿ. ಆಮೇಲೆ ಭಾರ, ಉಂಗುರ ಎರಡನ್ನೂ ಒಟ್ಟಿಗೆ ತಿರುಗಿಸಬೇಕು. ಬರೀ ಉಂಗುರ ತಿರುಗಿಸಿದರೆ ಅಂಕಿ 3 ಅಂತ ತೋರಿಸುತ್ತೆ, ಸೂಜಿ ಮೇಲೆ ತೂಕವೇ ಬಿದ್ದಿರಲ್ಲ. ಯಾವ ಕಾರ್ಟ್ರಿಡ್ಜ್ (ಸೂಜಿ ಇರುವ ಭಾಗ) ಅಂತ ಹೇಳಿಲ್ಲ ನೀವು. ಆರ್ಟೊಫೋನ್ ಕಾನ್ಕಾರ್ಡ್ ಮಿಕ್ಸ್ ಎಂಕೆ2 ಆದರೆ 3 ಗ್ರಾಂ.

ಹಳೇಡಿಸ್ಕೋ:
ಡೆಕ್ ಎರಡೂ ಸರಿಯಾದ ಮೇಲೂ ಬೀಟ್ ಜಾರುತ್ತೆ, ಅದಕ್ಕೆ ತಯಾರಾಗಿರಿ. 120 ಬಿಪಿಎಂ (ನಿಮಿಷಕ್ಕೆ ಇಷ್ಟು ಬೀಟ್) ಒಂದು ಕಡೆ, 120.1 ಇನ್ನೊಂದು ಕಡೆ ಇದ್ದರೆ ಒಂದೇ ನಿಮಿಷಕ್ಕೆ 50 ಮಿಲಿಸೆಕೆಂಡ್ ಅಂತರ ಬೀಳುತ್ತೆ. ಕಿಕ್ ಡ್ರಮ್ಮಿನ ಸದ್ದು ಎರಡಾಗಿ ಒಡೆದ ಹಾಗೆ ಕೇಳಿಸುತ್ತೆ. ಒಮ್ಮೆ ಕೂರಿಸಿ ಕೈ ಬಿಡೋದು ಅಂತ ಇಲ್ಲ, ಬೆರಳು ಪ್ಲಾಟರಿನ ಅಂಚಿನ ಹತ್ತಿರವೇ ಇರಬೇಕು. ಹಾಳಾದ ಮೇಲೆ ಸರಿ ಮಾಡೋದಲ್ಲ, ಹೈಹ್ಯಾಟ್ (ಡ್ರಮ್ಸಿನ ಜೋಡಿ ತಾಳ) ಸದ್ದು ಸ್ವಲ್ಪ ದಪ್ಪ ಆಯ್ತು ಅನ್ನುವಾಗಲೇ ಮುಟ್ಟಬೇಕು.

ಟೆಕ್ನಿಕ್ಸ್ ಎಂಕೆ2ರ ಪಿಚ್ ಸ್ಲೈಡರಿಗೆ ಸೊನ್ನೆಯಲ್ಲಿ ಕ್ಲಿಕ್ ಇದೆ ಅಲ್ವಾ, ಅದರ ಆಸುಪಾಸಿನಲ್ಲಿ ಸಣ್ಣ ಬದಲಾವಣೆ ಸರಿಯಾಗಿ ಸಿಗಲ್ಲ. ಎರಡೂ ಡೆಕ್ಕನ್ನು +2ರ ಹತ್ತಿರ ಇಟ್ಟುಕೊಂಡು ಮಿಕ್ಸ್ ಮಾಡಿ ನೋಡಿ. ಇನ್ನು 70ರ ದಶಕದ ಡಿಸ್ಕೋ ಹಾಕಿದರೆ ಅಲ್ಲಿ ಮನುಷ್ಯನೇ ಡ್ರಮ್ಸ್ ಬಾರಿಸಿರುತ್ತಾನೆ, ಕೋರಸ್ ಬಂತು ಅಂದ್ರೆ ಹುರುಪಿನಲ್ಲಿ ಸ್ವಲ್ಪ ಓಡುತ್ತಾನೆ. ಅದು ನನಗೆ ತುಂಬಾ ಇಷ್ಟ. ಅಂಥ ಹಾಡುಗಳಲ್ಲಿ ಮಿಕ್ಸ್ ಎಂಟು ಬಾರ್‌ನಲ್ಲಿ ಮುಗಿಸಿಬಿಡಿ. ಡ್ರಮ್ ಮಷಿನ್ನಿನ ಹೌಸ್ ರೆಕಾರ್ಡಿನಲ್ಲಿ ಮಾತ್ರ ಉದ್ದ ಮಿಕ್ಸ್ ಅಭ್ಯಾಸ ಮಾಡಿ.

ತಿರುಗುತಟ್ಟೆ:
ಭಾನುವಾರ ಪೂರ್ತಿ ಕೂತು ಎಣಿಸಿದೆ. ಡಿಸ್ಕಿನಲ್ಲಿ 216 ಗೆರೆಯೇ ಇದ್ದಿದ್ದು! ಸುತ್ತುಗಳ ಲೆಕ್ಕ ಹೀಗಿದೆ: ತಣ್ಣಗೆ, ಸೂಜಿ ಇಳಿಸಿ 96. ಅರ್ಧ ಗಂಟೆ ಆದ ಮೇಲೆ ಸೂಜಿ ಇಳಿಸಿ 98. ಸೂಜಿ ಎತ್ತಿ 98ಕ್ಕಿಂತ ಚೂರು ಜಾಸ್ತಿ. ಪ್ಲಾಟರ್ ಎತ್ತಿದರೆ ಸ್ಪಿಂಡಲ್ ಮೇಲೆ ಕಂದು ಬಣ್ಣದ ಗ್ರೀಸು, ಹಳೇ ಜೋನಿಬೆಲ್ಲದ ಥರ ಅಂಟು. ಮೋಟರಿನ ಪುಲ್ಲಿಗೂ ಕಪ್ಪು ಜಿಡ್ಡು ಹಿಡಿದಿತ್ತು. ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟೆ. ಈಗ ತಣ್ಣಗೂ 98, ಬಿಸಿಗೂ 98. ಅಲೆ ಬರೋ ರೆಕಾರ್ಡ್ ಟೆಕ್ನಿಕ್ಸ್ ಮೇಲೂ ಹಾಗೇ ಕೇಳ್ತು, ತೂತಿನದ್ದೇ ತೊಂದರೆ. ಕೌಂಟರ್‌ವೇಟೂ ನೀವು ಹೇಳಿದ ತಪ್ಪೇ ಆಗಿತ್ತು, ಸರಿ ಮಾಡಿದ ಮೇಲೆ ಸೂಜಿ ಹಾರುತ್ತಿಲ್ಲ.

ನಿನ್ನೆ ರಾತ್ರಿ 32 ಬಾರ್ ಒಟ್ಟಿಗೆ ಹಿಡಿದೆ, ಮೂರೇ ಸಲ ಬೆರಳು ಮುಟ್ಟಿಸಿದ್ದು. ಎಷ್ಟು ಖುಷಿಯಾಯ್ತು ಅಂದ್ರೆ ಅಕ್ಕನನ್ನು ಕರೆದು ಕೇಳಿಸಿದೆ. ಹೊಸ ಬೆಲ್ಟಿಗೂ ಆರ್ಡರ್ ಹಾಕಿದ್ದೇನೆ. ಸ್ಕ್ರೂ ಈಗಲೇ 100ಕ್ಕೆ ತರಲಾ?

ಬೆಸುಗೆಕಡ್ಡಿ:
ಬೇಡ. ಹೊಸ ಬೆಲ್ಟ್ ಹಾಕಿದರೆ ಲೆಕ್ಕ ಮತ್ತೆ ಬದಲಾಗುತ್ತೆ. ಅದನ್ನು ಹಾಕಿ ಒಂದು ದಿನ ಓಡಿಸಿ, ಮತ್ತೆ ಮೂರು ಸಲ ಎಣಿಸಿ, 180 ಗೆರೆಯ ಡಿಸ್ಕ್ ಇಟ್ಟುಕೊಂಡು ಆಮೇಲೆ ಸ್ಕ್ರೂ ಮುಟ್ಟಿ. ಅಲ್ಲಿವರೆಗೆ ಸ್ಲೈಡರ್ +2ಕ್ಕೆ ಇಟ್ಟು ಬಾರಿಸುತ್ತಿರಿ.