'ತಿಯೆನ್‌ಜಿಂಗ್' ಅನ್ನು ತೊಟ್ಟಿ ಅನ್ನಬಹುದಾ? ಜೊತೆಗೆ ಎರಡು ಹುಯಿಗಳ ತಕರಾರು

ಎಲ್ಲರಿಗೂ ನಮಸ್ಕಾರ.

ಚೀನಾದ ಹಳೆಯ ಮನೆಗಳ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅನ್‌ಹುಯಿ ಪ್ರಾಂತ್ಯದ ದಕ್ಷಿಣಕ್ಕಿರುವ ಹುಯಿಜೌ ಸೀಮೆಯ ಮನೆಗಳು. ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ: ತಿಯೆನ್‌ಜಿಂಗ್. (ತಿಯಾನ್‌ಜಿನ್ ಅನ್ನೋ ದೊಡ್ಡ ಊರು ಬೇರೆ, ಅದನ್ನು ಮರೆತುಬಿಡಿ.) ತಿಯೆನ್ ಅಂದರೆ ಆಕಾಶ, ಜಿಂಗ್ ಅಂದರೆ ಬಾವಿ.

ಅದು ಏನು ಅಂತ ಮೊದಲು ಹೇಳುತ್ತೇನೆ. ಹುಯಿಜೌ ಮನೆಯನ್ನು ಬೀದಿಯಿಂದ ನೋಡಿದರೆ ಎತ್ತರದ ಸುಣ್ಣದ ಗೋಡೆ, ಮೇಲೆ ಕಪ್ಪು ಹೆಂಚಿನ ಅಂಚು, ಅಷ್ಟೇ. ಕಿಟಕಿ ಇದ್ದರೂ ಮೇಲೆಲ್ಲೋ ಒಂದು ಚಿಕ್ಕದು. ಬಾಗಿಲು ದಾಟಿದರೆ ನಡುವೆ ಸೂರಿಲ್ಲದ ಜಾಗ. ಗಾಳಿ ಬೆಳಕು ಎಲ್ಲ ಅಲ್ಲಿಂದಲೇ. ಸುತ್ತಲಿನ ಮಾಡು ಒಳಕ್ಕೇ ಇಳಿಜಾರು. ಮಳೆ ಬಂದರೆ ಅಷ್ಟೂ ನೀರು ನಡುವಿನ ಕಲ್ಲುಹಾಸಿನ ತಗ್ಗಿಗೆ ಬಿದ್ದು ಮೋರಿಗೆ ಹೋಗುತ್ತದೆ. 'ನಾಲ್ಕು ಕಡೆಯ ನೀರು ಪಡಸಾಲೆಗೇ ಬಂತು' ಅಂತ ಅವರಲ್ಲಿ ಒಂದು ಮಾತಿದೆ. ನೀರು ಅಂದರೆ ಸಂಪತ್ತು, ಹೊರಗಿನವರ ಪಾಲಾಗಬಾರದು. ನಮ್ಮಲ್ಲಿ ಸೂರಿನ ನೀರು ಪಕ್ಕದವರ ಜಾಗಕ್ಕೆ ಬಿತ್ತು ಅಂತ ಜಗಳ ಆಗುತ್ತದೆ. ಇವರು ಒಂದು ಹನಿಯನ್ನೂ ಬಿಟ್ಟುಕೊಟ್ಟವರಲ್ಲ!

ಇಂಥ ಲೆಕ್ಕಾಚಾರ ವ್ಯಾಪಾರಿಗಳದ್ದೇ ಇರಬೇಕು, ಅಲ್ವಾ? ಹೌದು. ಅದು ಗುಡ್ಡಗಾಡು, ಹೊಲ ಕಮ್ಮಿ. ಉಪ್ಪು, ಚಹಾ, ಮರ, ಗಿರವಿ ಅಂಗಡಿ ಅಂತ ಗಂಡಸರು ದೂರದ ಊರು ಸೇರಿ ದುಡಿದು, ಆ ದುಡ್ಡಲ್ಲಿ ಇಲ್ಲಿ ಮನೆ ಕಟ್ಟಿಸಿದರು. 'ಹಿಂದಿನ ಜನ್ಮದಲ್ಲಿ ಪುಣ್ಯ ಮಾಡಲಿಲ್ಲ, ಹುಯಿಜೌದಲ್ಲಿ ಹುಟ್ಟಿದೆ. ಹದಿಮೂರೋ ಹದಿನಾಲ್ಕೋ ತುಂಬಿತು, ಹೊರಕ್ಕೆ ಎಸೆದರು' ಅನ್ನುವುದು ಅಲ್ಲಿಯದೇ ಗಾದೆ.

ಈಗ ಪದಕ್ಕೆ ಬರೋಣ. 'ಆಕಾಶಬಾವಿ' ಅಂತ ಮೊದಲು ಬರೆದೆ. ಕೇಳಲು ಚೆನ್ನಾಗಿದೆ, ಆದರೆ ಓದುವವರಿಗೆ ಯಾವುದೋ ಮಾಯಾಲೋಕದ ಕತೆ ಅನ್ನಿಸುತ್ತದೆ. ಚೀನೀಯರಿಗೆ ತಿಯೆನ್‌ಜಿಂಗ್ ದಿನಬಳಕೆಯ ಸಾದಾ ಪದ. 'ಅಂಗಳ' ಅಂದರೆ ಮನೆ ಮುಂದಿನ ಜಾಗ ಕಣ್ಣಿಗೆ ಬರುತ್ತದೆ. 'ಬೆಳಕಿಂಡಿ' ತೀರಾ ಸಣ್ಣದು, ನೀರಿನ ಸುದ್ದಿಯೇ ಇಲ್ಲ. ಉಳಿದದ್ದು 'ತೊಟ್ಟಿ'.

ನನ್ನ ವೋಟು ಇದಕ್ಕೇ. ಯಾಕೆಂದರೆ ತೊಟ್ಟಿಯೂ ನೀರಿನ ಪದ. ನೀರು ನಿಲ್ಲುವ ತಗ್ಗಿನ ಹೆಸರೇ ನಮ್ಮಲ್ಲಿ ಇಡೀ ಮನೆಗೆ ಬಂದು ತೊಟ್ಟಿಮನೆ ಆಯಿತು. ಅವರು ಅದೇ ಜಾಗವನ್ನು ಬಾವಿ ಅಂದರು. ನಮ್ಮಜ್ಜಿ ಮನೆಯಲ್ಲಿ ಮಳೆ ಶುರುವಾದರೆ ಸೂರಿನ ಕೆಳಗೆ ಸಾಲಾಗಿ ಹಂಡೆ ಇಡುತ್ತಿದ್ದರು. ಮೊದಲು ಟಣ್ ಟಣ್, ತುಂಬುತ್ತಾ ಬಂದ ಹಾಗೆ ಗುಳು ಗುಳು. ಆ ಸದ್ದು ಕೇಳಿದವರಿಗೆ ತಿಯೆನ್‌ಜಿಂಗ್ ಅಂದರೇನು ಅಂತ ವಿವರಿಸಬೇಕಿಲ್ಲ. ಎಣಿಕೆಯೂ ಹೊಂದುತ್ತದೆ: ನಾವು 'ಎರಡು ತೊಟ್ಟಿ ಮನೆ' ಅನ್ನುವ ಹಾಗೆ ಅವರೂ ಮನೆಯ ದೊಡ್ಡಸ್ತಿಕೆಯನ್ನು ತಿಯೆನ್‌ಜಿಂಗ್ ಲೆಕ್ಕದಲ್ಲಿ ಹೇಳುತ್ತಾರೆ. ಹೊಂಗ್‌ಸುನ್ ಹಳ್ಳಿಯಲ್ಲಿ ಉಪ್ಪಿನ ವ್ಯಾಪಾರಿಯೊಬ್ಬ 1855ರಲ್ಲಿ ಕಟ್ಟಿಸಿದ ಮನೆಗೆ 9 ಇವೆಯಂತೆ. (ಈ ಹಳ್ಳಿ ಮತ್ತು ಪಕ್ಕದ ಷಿದಿ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.)

ತೊಡಕೂ ಇದೆ. ನಮ್ಮ ತೊಟ್ಟಿಯಲ್ಲಿ ಹಪ್ಪಳ ಒಣಗಿಸಬಹುದು, ಮಕ್ಕಳು ಓಡಾಡಬಹುದು. ಅವರದ್ದು ಎಷ್ಟೋ ಕಡೆ ಬರೀ ಇಕ್ಕಟ್ಟು, ಸುತ್ತ ಎರಡು ಅಂತಸ್ತು. ಕೆಳಗೆ ನಿಂತು ಕತ್ತೆತ್ತಿದರೆ ಆಕಾಶದ ಒಂದು ತುಂಡು. ಬಾವಿ ಅಂದಿದ್ದು ಸುಮ್ನೆ ಅಲ್ಲ. ಇನ್ನೊಂದು ಭಯ, ಬೆಂಗಳೂರಿನ ಎಳೆಯರಿಗೆ ತೊಟ್ಟಿ ಅಂದರೆ ಕಸದ ತೊಟ್ಟಿ ಮಾತ್ರ. 'ಬಾವಿತೊಟ್ಟಿ' ಅಂತ ಜೋಡಿಸಿದರೆ ಹೇಗೆ? ಇಂಥ ಕಿರಿದಾದ, ಆಳದ ತೊಟ್ಟಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು 'ಹುಯಿ'. ಕರಡು ಓದಿದ ಗೆಳೆಯರೊಬ್ಬರು 'ಓ, ಹುಯಿ ಮುಸಲ್ಮಾನರ ಸೀಮೆನಾ?' ಅಂದರು. ಅಲ್ಲ. ಆ ಸಮುದಾಯದ ಹೆಸರಲ್ಲಿ 1958ರಲ್ಲಿ ಆದ ಸ್ವಾಯತ್ತ ಪ್ರದೇಶ ನಿಂಗ್‌ಶ್ಯಾ, ವಾಯವ್ಯಕ್ಕೆ ಸಾವಿರ ಕಿಲೋಮೀಟರಿಗಿಂತ ಆಚೆ. ಅಕ್ಷರ ಬೇರೆ, ಸ್ವರವೂ ಬೇರೆ: ಹುಯಿಜೌದ ಹುಯಿ ಎತ್ತರದಲ್ಲಿ ಸಮನಾಗಿ ನಿಲ್ಲುತ್ತದೆ, ಸಮುದಾಯದ ಹುಯಿ ನಾವು 'ಹೌದಾ?' ಅನ್ನುವಾಗಿನ ಹಾಗೆ ಮೇಲಕ್ಕೇಳುತ್ತದೆ. ಕನ್ನಡದಲ್ಲಿ ಎರಡೂ ಒಂದೇ. ಅನ್‌ಹುಯಿ ಹೆಸರಿನ ಬಾಲ ಮೊದಲನೆಯದು. ಆನ್‌ಚಿಂಗ್ ಮತ್ತು ಹುಯಿಜೌ ಅನ್ನೋ ಎರಡು ಸೀಮೆಗಳ ಹೆಸರು ಸೇರಿ 1667ರಲ್ಲಿ ಆ ಪ್ರಾಂತ್ಯದ ಹೆಸರಾದದ್ದು. ಹಾಗಾಗಿ 'ಹುಯಿ ಮನೆ', 'ಹುಯಿ ಅಡುಗೆ' ಅಂತ ಮೊಟಕು ಮಾಡದೆ ಎಲ್ಲ ಕಡೆ ಹುಯಿಜೌ ಅಂತಲೇ ಬರೆಯುತ್ತಿದ್ದೇನೆ. ಈ ಅಡುಗೆಯಲ್ಲಿ ಹಂದಿಮಾಂಸ ಜಾಸ್ತಿ. ಅದನ್ನು ಆ ಸಮುದಾಯದ ತಲೆಗೆ ಕಟ್ಟಿದರೆ ತಪ್ಪಾಗುತ್ತದೆ.

ಕೊನೆಯದಕ್ಕೆ ನಾನು ಕೈಚೆಲ್ಲಿದ್ದೇನೆ. ತೊಟ್ಟಿಗೆ ಎದುರಾದ ಪಡಸಾಲೆಯ ಉದ್ದ ಮೇಜಿನ ಮೇಲೆ ನಡುವೆ ಗಡಿಯಾರ, ಒಂದು ಬದಿಗೆ ಹೂದಾನಿ, ಇನ್ನೊಂದು ಬದಿಗೆ ಕನ್ನಡಿ ಇಡುತ್ತಾರೆ. ಗಡಿಯಾರದ ಸದ್ದು ಜೋಂಗ್‌ಶೆಂಗ್, ಹೂದಾನಿ ಪಿಂಗ್, ಕನ್ನಡಿ ಜಿಂಗ್. ಕೂಡಿಸಿ ಹೇಳಿದರೆ 'ಬದುಕಿಡೀ ನೆಮ್ಮದಿ' ಅಂತಲೂ ಕೇಳಿಸುತ್ತದೆ. ಗಂಡ, ಮಗ ದೂರದ ಊರಲ್ಲಿರುವ ಮನೆಯ ಹರಕೆ ಇದು. ಮೂರು ಸಾಮಾನನ್ನೂ ಬಿಡದೆ ಈ ಶ್ಲೇಷೆಯನ್ನು ಕನ್ನಡಕ್ಕೆ ತರಲು ಯಾರಿಗಾದರೂ ದಾರಿ ಹೊಳೆಯುತ್ತದಾ? ಅಡಿಟಿಪ್ಪಣಿ ಹಾಕಿ ಅಂತ ಮಾತ್ರ ಹೇಳಬೇಡಿ, ಈಗಾಗಲೇ ಹದಿನೇಳು ಆಗಿವೆ.